ಚೌತ್ ಕೇಳಿದವರು, ರಾಖಿ ಕೇಳಿದವರು

ದೆಹಲಿಯ ಉತ್ತರ ಭಾಗದಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಸ್ಥಳಗಳಿವೆ. ಒಂದು ತೀಸ್ ಹಜಾರಿ. ಈಗ ಅಲ್ಲಿರುವುದು ನ್ಯಾಯಾಲಯಗಳು, ಕರಿಕೋಟಿನ ವಕೀಲರು, ಕಡತ ಹಿಡಿದು ಕಾಯುವ ಕಕ್ಷಿದಾರರು. 'ಮೂವತ್ತು ಸಾವಿರ' ಎಂಬ ಅರ್ಥದ ಈ ಹೆಸರು 1783ರಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಸಿಖ್ಖ್ ಸವಾರರ ಸಂಖ್ಯೆಯಿಂದ ಬಂತು ಎನ್ನುತ್ತದೆ ಸಿಖ್ಖರ ಐತಿಹ್ಯ. ಇನ್ನೊಂದು ಯಮುನಾ ತೀರದ ಬುರಾಡಿ. ಅಲ್ಲಿನ ಜೊಂಡಿನ ನಡುವೆ 1760ರ ಜನವರಿ 10ರಂದು ಮರಾಠಾ ಸರದಾರ ದತ್ತಾಜಿ ಶಿಂಧೆ ಅಫಘಾನರನ್ನು ತಡೆಯಲು ಹೋಗಿ ಪ್ರಾಣ ಕಳೆದುಕೊಂಡ.

ಈ ಎರಡೂ ಸೈನ್ಯಗಳಿಗೆ ಆ ಕಾಲದಲ್ಲಿ ದೊಡ್ಡ ವೈರಿ ಒಬ್ಬನೇ: ಅಫಘಾನಿಸ್ತಾನದಿಂದ ಮತ್ತೆ ಮತ್ತೆ ಏರಿಬರುತ್ತಿದ್ದ ಅಹಮದ್ ಷಾ ಅಬ್ದಾಲಿ. ಮರಾಠರೂ ಸಿಖ್ಖರೂ ಮೊಘಲರ ಅಧಿಕಾರವನ್ನು ಧಿಕ್ಕರಿಸಿಯೇ ಮೇಲೆ ಬಂದವರು. ಕುದುರೆಯ ಮೇಲೆ ಮಿಂಚಿನಂತೆ ಎರಗಿ ಮಾಯವಾಗುವ ಯುದ್ಧಕಲೆ ಇಬ್ಬರಿಗೂ ಕರಗತ. ಹಾಗಿದ್ದೂ ಇವರು ಒಂದಾಗಲಿಲ್ಲವೇಕೆ? ಶಾಲೆಯ ಪಠ್ಯಪುಸ್ತಕಗಳಲ್ಲಿ ಮರಾಠರದೇ ಒಂದು ಅಧ್ಯಾಯ, ಸಿಖ್ಖರದೇ ಇನ್ನೊಂದು ಅಧ್ಯಾಯವಾಗಿರುವುದರಿಂದ ಈ ಪ್ರಶ್ನೆ ನಮಗೆ ಅಷ್ಟಾಗಿ ಎದುರಾಗುವುದಿಲ್ಲ. ಒಂದಾಗದಿದ್ದುದು ಮಾತ್ರವಲ್ಲ, ಇವರು ಪರಸ್ಪರ ಕತ್ತಿ ಹಿರಿದು ನಿಂತದ್ದೂ ಉಂಟು.

ಧರ್ಮ ಬೇರೆ, ಭಾಷೆ ಬೇರೆ, ಅದಕ್ಕೇ ಜಗಳ ಎಂದು ಹೇಳಿಬಿಡುವುದು ಸುಲಭ. ಆದರೆ ಆ ಶತಮಾನದ ದಂಡಯಾತ್ರೆಗಳ ವಿವರ ನೋಡುತ್ತಾ ಹೋದರೆ ಆ ಉತ್ತರ ನಿಲ್ಲುವುದಿಲ್ಲ. ಉತ್ತರ ಇರುವುದು ಕಂದಾಯದ ಲೆಕ್ಕದಲ್ಲಿ.

ಎರಡು ವಸೂಲಿಗಳು

ಮರಾಠರ ಚೌತ್ ಎಂದರೇನೆಂದು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಂದು ಪ್ರದೇಶದ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲು ತಮಗೆ ಸಲ್ಲಬೇಕೆಂಬ ಹಕ್ಕು ಅದು. ಕೊಟ್ಟರೆ ದಂಡು ಬರುವುದಿಲ್ಲ, ಕೊಡದಿದ್ದರೆ ಬರುತ್ತದೆ. 1757ರಲ್ಲಿ ಪೇಶ್ವೆ ಬಾಲಾಜಿ ಬಾಜೀರಾಯನ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯ 32 ಲಕ್ಷ ರೂಪಾಯಿಗೆ ಒಪ್ಪಿಕೊಂಡು, ಅಷ್ಟು ಹಣ ಕೈಯಲ್ಲಿಲ್ಲದೆ ಹಲವು ತಾಲ್ಲೂಕುಗಳನ್ನೇ ಒತ್ತೆ ಇಡಬೇಕಾಯಿತು. ಇದರ ಮರುವರ್ಷವೇ ಅದೇ ಪೇಶ್ವೆಯ ತಮ್ಮ ರಘುನಾಥರಾಯ ಲಾಹೋರಿನಲ್ಲಿದ್ದ. ಕಾವೇರಿಯಿಂದ ರಾವಿಯವರೆಗೆ ಮರಾಠರು ಕೇಳುತ್ತಿದ್ದುದು ಒಂದೇ ಲೆಕ್ಕ.

ಸಿಖ್ಖರ ವಸೂಲಿಯ ಹೆಸರು ರಾಖಿ. ನಮಗೆ ರಾಖಿ ಎಂದರೆ ಸೋದರಿಯರು ಕಟ್ಟುವ ದಾರ. ಪಂಜಾಬಿನಲ್ಲಿ ಆಗ ಅದಕ್ಕೆ ಕಾವಲು, ರಕ್ಷಣೆ ಎಂಬ ಅರ್ಥವಿತ್ತು. ಮೊಘಲ್ ಆಡಳಿತ ಕುಸಿದು, ಅಫಘಾನರು ವರ್ಷ ಬಿಟ್ಟು ವರ್ಷ ಏರಿಬರುತ್ತಿದ್ದಾಗ ಹಳ್ಳಿಗಳನ್ನು ಕಾಯುವವರು ಯಾರೂ ಇರಲಿಲ್ಲ. ಆಗ ಸಿಖ್ಖರ ಮಿಸಲ್‌ಗಳು, ಅಂದರೆ ಒಬ್ಬೊಬ್ಬ ಸರದಾರನ ಹಿಂದಿದ್ದ ಸವಾರರ ದಳಗಳು, ಹಳ್ಳಿಗಳಿಗೆ ಅಭಯ ಕೊಟ್ಟವು. ಪ್ರತಿಯಾಗಿ ಹಳ್ಳಿಯವರು ಸಾಮಾನ್ಯವಾಗಿ ಕಂದಾಯದ ಐದನೆಯ ಒಂದು ಪಾಲನ್ನು ವರ್ಷಕ್ಕೆರಡು ಕಂತಿನಲ್ಲಿ, ಎರಡು ಸುಗ್ಗಿಗಳ ಹೊತ್ತಿಗೆ, ಕೊಡಬೇಕು. ಗಂಗಾ-ಯಮುನೆಗಳ ನಡುವಿನ ದೋಆಬದ ಹಳ್ಳಿಗಳಲ್ಲಿ 'ಕಂಬಳಿ' ಎಂಬ ಸಣ್ಣ ಕಾಣಿಕೆಯೂ ರೂಢಿಯಲ್ಲಿತ್ತು. ನಮ್ಮ ಕನ್ನಡದ ಕಂಬಳಿಯೇ ಅದು: ಸವಾರನ ಹೊದಿಕೆಯ ಖರ್ಚಿಗೆಂದು ಕೊಡುವ ಹಣ.

ಒಂದು ಕಡೆಯಿಂದ ನಾಲ್ಕನೆಯ ಪಾಲು, ಇನ್ನೊಂದು ಕಡೆಯಿಂದ ಐದನೆಯ ಪಾಲು. ಮರಾಠರು ದಕ್ಷಿಣದಿಂದ, ಸಿಖ್ಖರು ಉತ್ತರದಿಂದ ಬಂದರು. ಇಬ್ಬರೂ ಎದುರುಬದುರಾದದ್ದು ಸಟ್ಲೆಜ್ ನದಿಯಿಂದ ದೋಆಬದವರೆಗಿನ ಸೀಮೆಯಲ್ಲಿ: ಅಂಬಾಲಾ, ಕರ್ನಾಲ್, ಪಾಣಿಪತ್, ಜೀಂದ್, ಸಹಾರನಪುರ. ರೈತನ ಹೊಲ ಒಂದೇ.

ಲಾಹೋರಿನ ದೀಪಾಲಂಕಾರ

ಮೊದಲ ಭೇಟಿ ಸ್ನೇಹದಿಂದಲೇ ಆಯಿತು. ಅಬ್ದಾಲಿ ತನ್ನ ಮಗ ತೈಮೂರ್ ಷಾನನ್ನು ಲಾಹೋರಿನಲ್ಲಿ ಕೂರಿಸಿ ಹೋಗಿದ್ದ. ಜಲಂಧರ ದೋಆಬದ ಫೌಜುದಾರನಾಗಿದ್ದ ಅದೀನಾ ಬೇಗ್ ಖಾನನಿಗೆ ಪಂಜಾಬ್ ತನಗೆ ಬೇಕೆಂಬ ಆಸೆ. ಆತ ಸಿಖ್ಖರನ್ನು ಜೊತೆಗೆ ಸೇರಿಸಿಕೊಂಡ; ಮರಾಠರನ್ನೂ ಕರೆಸಿದ. 1758ರ ಮಾರ್ಚಿಯಲ್ಲಿ ಮೂವರೂ ಸೇರಿ ಸರ್‌ಹಿಂದ್ ಕೋಟೆಯನ್ನು ಹಿಡಿದರು.

ಸರ್‌ಹಿಂದ್ ಸಿಖ್ಖರಿಗೆ ಬರೀ ಕೋಟೆಯಲ್ಲ. ಗುರು ಗೋವಿಂದ ಸಿಂಗರ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿನ ಸುಬೇದಾರ ಕೊಲ್ಲಿಸಿದ್ದು ಅದೇ ಊರಿನಲ್ಲಿ. ಹಾಗಾಗಿ ಅಲ್ಲಿ ನುಗ್ಗಿದ ಸಿಖ್ಖರ ಮನಸ್ಸಿನಲ್ಲಿದ್ದುದು ಹಳೆಯ ಗಾಯ. ಮರಾಠರ ಮನಸ್ಸಿನಲ್ಲಿದ್ದುದು ದೂರದ ಪಯಣದ ಖರ್ಚು. ಲೂಟಿಯ ಹಂಚಿಕೆಯ ವಿಷಯದಲ್ಲಿ ಅಲ್ಲೇ ಮನಸ್ತಾಪ ಹುಟ್ಟಿತು. ಆದರೂ ಮುಂದೆ ಸಾಗಿದರು. ಏಪ್ರಿಲ್ 20ರ ಹೊತ್ತಿಗೆ ಲಾಹೋರ್ ಕೈಸೇರಿತ್ತು, ತೈಮೂರ್ ಷಾ ಓಡಿಹೋಗಿದ್ದ. ಶಾಲಿಮಾರ್ ತೋಟದಲ್ಲಿ ಅದೀನಾ ಬೇಗ್ ಒಂದು ಲಕ್ಷ ರೂಪಾಯಿ ಖರ್ಚಿನಲ್ಲಿ ವೇದಿಕೆ ಕಟ್ಟಿಸಿ, ಕಾರಂಜಿಗಳಿಗೆ ದೀಪ ಹಚ್ಚಿಸಿ ರಘುನಾಥರಾಯನನ್ನು ಸ್ವಾಗತಿಸಿದನೆಂದು ಹೇಳುತ್ತಾರೆ.

ಮುಂದೆ ನಡೆದದ್ದು ಗಮನಿಸಬೇಕಾದ ಸಂಗತಿ. ಪಂಜಾಬನ್ನು ಆಳುವ ಗೊಡವೆ ಮರಾಠರಿಗೆ ಬೇಡವಾಗಿತ್ತು. ವರ್ಷಕ್ಕೆ 75 ಲಕ್ಷ ರೂಪಾಯಿ ಕಪ್ಪಕ್ಕೆ ಅದನ್ನು ಅದೀನಾ ಬೇಗನಿಗೇ ವಹಿಸಿ, ಒಂದು ತಿಂಗಳೂ ನಿಲ್ಲದೆ ರಘುನಾಥರಾಯ ಹಿಂದಿರುಗಿದ. ಆ 75 ಲಕ್ಷ ಹುಟ್ಟಬೇಕಾದರೆ ಸಿಖ್ಖರ ರಾಖಿ ನಿಲ್ಲಬೇಕು. ಅದೀನಾ ಬೇಗ್ ನಿನ್ನೆಯವರೆಗಿನ ಗೆಳೆಯರ ಬೆನ್ನು ಹತ್ತಿದ. ಸಿಖ್ಖರು ಅಡಗುವ ಕಾಡನ್ನೇ ಇಲ್ಲವಾಗಿಸಲು ಕೊಡಲಿ ಹಿಡಿದ ಸಾವಿರ ಬಡಗಿಗಳನ್ನು ಸಂಬಳಕ್ಕೆ ಇಟ್ಟುಕೊಂಡ. ಕಾಡು ಮುಗಿಯುವ ಮೊದಲು ಆತನೇ ಮುಗಿದ. ಅದೇ ವರ್ಷ ತೀರಿಕೊಂಡ.

ಮರಾಠರು ಪಂಜಾಬಿನಲ್ಲಿ ನಿಜವಾದ ಬಲ ಯಾರದೆಂದು ತಿಳಿದು, ಸಿಖ್ಖರೊಡನೆಯೇ ನೇರವಾಗಿ ಒಪ್ಪಂದ ಮಾಡಿಕೊಂಡಿದ್ದರೆ? ಇತಿಹಾಸದಲ್ಲಿ 'ರೆ' ಪ್ರಪಂಚಕ್ಕೆ ಬೆಲೆಯಿಲ್ಲ, ನಿಜ. ಆದರೆ ಪುಣೆಗೆ ಬೇಕಾಗಿದ್ದುದು ಕಪ್ಪ ಕಟ್ಟುವ ಒಬ್ಬ ಗುತ್ತಿಗೆದಾರ. ಹತ್ತಾರು ಸರದಾರರಿದ್ದು, ಯಾರಿಗೂ ಯಾರೂ ಅಧೀನರಲ್ಲದ ಸಿಖ್ಖರಲ್ಲಿ ಅಂಥವನನ್ನು ಹುಡುಕುವುದಾದರೂ ಎಲ್ಲಿ?

ಎರಡು ವರ್ಷಗಳ ಬಳಿಕ ಪಾಣಿಪತ್‌ನಲ್ಲಿ ಸದಾಶಿವರಾಯ ಭಾವು ಅಬ್ದಾಲಿಯ ಎದುರು ಬೀಡುಬಿಟ್ಟು ಕುಳಿತಿದ್ದಾಗ ಈ ತಪ್ಪಿನ ಬೆಲೆ ತಿಳಿಯಿತು. 1760ರ ನವೆಂಬರಿನಲ್ಲಿ, ಅಬ್ದಾಲಿ ಪಾಣಿಪತ್‌ನಲ್ಲಿದ್ದುದನ್ನು ನೋಡಿಕೊಂಡೇ ಸಿಖ್ಖರು ಲಾಹೋರಿಗೆ ನುಗ್ಗಿದರು. ಅಲ್ಲಿನ ಅಧಿಕಾರಿ 'ಕಡಾ ಪ್ರಸಾದ'ದ ಹೆಸರಿನಲ್ಲಿ 30 ಸಾವಿರ ರೂಪಾಯಿ ಕೊಟ್ಟು ಅವರನ್ನು ಕಳುಹಿಸಿದ. ವೈರಿ ಒಬ್ಬನೇ ಆದರೂ ಒಬ್ಬರ ಯುದ್ಧಕ್ಕೂ ಇನ್ನೊಬ್ಬರ ಯುದ್ಧಕ್ಕೂ ಸಂಬಂಧವಿರಲಿಲ್ಲ. ಪಟಿಯಾಲದ ಆಲಾ ಸಿಂಗ್ ಮರಾಠರ ಬೀಡಿಗೆ ಧಾನ್ಯ ಕಳುಹಿಸುತ್ತಿದ್ದ. ಅಫಘಾನರು ಆ ದಾರಿಗಳನ್ನು ಮುಚ್ಚಿದ ಮೇಲೆ ಅದೂ ನಿಂತಿತು. 1761ರ ಜನವರಿ 14ರಂದು ಹಸಿದ ಹೊಟ್ಟೆಯಲ್ಲೇ ಮರಾಠರು ರಣರಂಗಕ್ಕಿಳಿದರು. ಗೆದ್ದು ಹಿಂದಿರುಗುತ್ತಿದ್ದ ಅಬ್ದಾಲಿಯ ಸರಕು ಸರಂಜಾಮಿನ ಮೇಲೆ ಸಿಖ್ಖರು ಎರಗಿ, ಆತ ಹಿಡಿದೊಯ್ಯುತ್ತಿದ್ದ ಸೆರೆಯಾಳುಗಳನ್ನು ಬಿಡಿಸಿದರು ಎಂಬ ನೆನಪು ಪಂಜಾಬಿನಲ್ಲಿ ಉಳಿದಿದೆ.

ಒಬ್ಬನೇ ಧಣಿ, ಎರಡು ದಂಡು

ಪಾಣಿಪತ್‌ನ ನಂತರ ಮರಾಠರು ಕೆಲಕಾಲ ಉತ್ತರದಲ್ಲಿ ತಲೆಯೆತ್ತಲಿಲ್ಲ. ಸಿಖ್ಖರು ಬೆಳೆದರು. 1764ರ ಜನವರಿಯಲ್ಲಿ ಸರ್‌ಹಿಂದ್ ಸೀಮೆ, 1765ರಲ್ಲಿ ಲಾಹೋರ್ ಅವರದಾಯಿತು.

ಭರತಪುರದ ಜಾಟ್ ರಾಜ ಜವಾಹರ್ ಸಿಂಗ್ ತನ್ನ ತಂದೆ ಸೂರಜಮಲ್ಲನ ಸಾವಿಗೆ ಕಾರಣನಾದ ನಜೀಬುದ್ದೌಲನ ಮೇಲೆ ಸೇಡು ತೀರಿಸಿಕೊಳ್ಳಲು ದೆಹಲಿಯನ್ನು ಮುತ್ತಿದಾಗ, 1765ರ ಆರಂಭದಲ್ಲಿ, ಆತನ ಸಂಬಳದಲ್ಲಿ ಮಲ್ಹಾರರಾವ್ ಹೋಳ್ಕರನೂ ಇದ್ದ, ಜಸ್ಸಾ ಸಿಂಗ್ ಆಹ್ಲುವಾಲಿಯಾನ ಸಿಖ್ಖರೂ ಇದ್ದರು. ಹೋಳ್ಕರನದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ವರ್ತನೆ. ಹಣ ಜಾಟರದು, ಒಲವು ನಜೀಬನ ಕಡೆಗೆ. ಮುತ್ತಿಗೆ ವಿಫಲವಾಯಿತು. ಇದನ್ನು ಜವಾಹರ್ ಸಿಂಗ್ ಮರೆಯಲಿಲ್ಲ. ಮರುವರ್ಷ ಆತನ ಮಲಸಹೋದರ ನಾಹರ್ ಸಿಂಗನ ಪರವಾಗಿ ಹೋಳ್ಕರನ ಮರಾಠರು ಬಂದಾಗ, ಜವಾಹರ್ ಸಿಂಗ್ ಏಳೆಂಟು ಸಾವಿರ ಸಿಖ್ಖ್ ಸವಾರರನ್ನು ಬಾಡಿಗೆಗೆ ಕರೆಸಿಕೊಂಡ. 1766ರ ಮಾರ್ಚಿಯಲ್ಲಿ ಧೋಲಪುರದ ಬಳಿ ಮರಾಠರೂ ಸಿಖ್ಖರೂ ರಣರಂಗದಲ್ಲಿ ನೇರವಾಗಿ ಸೆಣಸಿದರು. ಮರಾಠರು ಸೋತರು. ಅದೇ ಮೇ ತಿಂಗಳಲ್ಲಿ ಮುದುಕ ಮಲ್ಹಾರರಾವ್ ತೀರಿಕೊಂಡ.

ಹದಿನಾಲ್ಕು ತಿಂಗಳ ಹಿಂದೆ ಒಂದೇ ಖಜಾನೆಯಿಂದ ಸಂಬಳ ಪಡೆದವರು ಈಗ ಎದುರಾಳಿಗಳು. ಇದರಲ್ಲಿ ಧರ್ಮವನ್ನು ಎಲ್ಲಿ ಹುಡುಕುವುದು? ರೋಹಿಲಾ ನಾಯಕ ಜಾಬಿತಾ ಖಾನ್ ಸಿಖ್ಖರ ಬೆಂಬಲ ಉಳಿಸಿಕೊಳ್ಳಲು ತಾನೇ ಸಿಖ್ಖನಾಗಿ 'ಧರಮ್ ಸಿಂಗ್' ಎಂದು ಹೆಸರಿಟ್ಟುಕೊಂಡನೆಂದು ಹೇಳುತ್ತಾರೆ. ನಮ್ಮ ಕಡೆಯೇ ನೋಡಿ: 1791ರಲ್ಲಿ ಶೃಂಗೇರಿ ಮಠವನ್ನು ದೋಚಿದ್ದು ಪಟವರ್ಧನರ ಮರಾಠಾ ದಂಡಿನ ಪಿಂಡಾರಿಗಳು, ಮಠದ ಜೀರ್ಣೋದ್ಧಾರಕ್ಕೆ ನೆರವು ಕಳುಹಿಸಿದ್ದು ಟಿಪ್ಪು ಸುಲ್ತಾನ್.

ಹಂಚಲು ಏನೂ ಇಲ್ಲದ ವರ್ಷ

1783ರ ಮಾರ್ಚಿಯಲ್ಲಿ ಸಿಖ್ಖರು ದೆಹಲಿಗೇ ಬಂದರು. ಕೆಂಪುಕೋಟೆಯನ್ನೂ ಹೊಕ್ಕರು. ಬೇಗಂ ಸಮ್ರೂಳ ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ, ಬಘೇಲ್ ಸಿಂಗ್ ಎಂಬ ಸರದಾರ ನಾಲ್ಕು ಸಾವಿರ ಸವಾರರೊಡನೆ ಊರಲ್ಲೇ ಉಳಿದ. ದೆಹಲಿಯ ಸುಂಕದಲ್ಲಿ ರೂಪಾಯಿಗೆ ಆರಾಣೆ ಆತನಿಗೆ. ಆ ಹಣದಿಂದ ಗುರುಗಳ ನೆನಪಿನ ಸ್ಥಳಗಳನ್ನು ಗುರುತಿಸಿ ಏಳು ಗುರುದ್ವಾರಗಳನ್ನು ಕಟ್ಟಿಸಿ, ವರ್ಷ ಮುಗಿಯುವ ಮೊದಲೇ ಪಂಜಾಬಿಗೆ ಹಿಂದಿರುಗಿದ. ಇಂದು ದೆಹಲಿಗೆ ಹೋದವರು ತಪ್ಪದೆ ನೋಡುವ ಸೀಸ್‌ಗಂಜ್, ಬಂಗ್ಲಾ ಸಾಹಿಬ್, ರಕಾಬ್‌ಗಂಜ್ ಗುರುದ್ವಾರಗಳ ಮೂಲ ಅಲ್ಲಿದೆ. ದೆಹಲಿಯನ್ನು ಹಿಡಿದವರು ಅದನ್ನು ಇಟ್ಟುಕೊಳ್ಳದೆ, ಪೂಜಾಸ್ಥಳ ಕಟ್ಟಿ ಹೊರಟುಹೋದ ಉದಾಹರಣೆ ಇನ್ನೊಂದಿದೆಯೋ ಇಲ್ಲವೋ.

ಅವರು ಬಿಟ್ಟುಹೋದ ಜಾಗಕ್ಕೆ ಬಂದವನು ಮಹಾದಜಿ ಶಿಂಧೆ. 1784ರ ಡಿಸೆಂಬರಿನಲ್ಲಿ ಬಾದಷಹ ಷಾ ಆಲಂ ಸಾಮ್ರಾಜ್ಯದ ಸಮಸ್ತ ಆಡಳಿತವನ್ನೂ ಮಹಾದಜಿಯ ಕೈಗೆ ಒಪ್ಪಿಸಿದ. ಹೆಸರು ದೊಡ್ಡದು, ಹುಟ್ಟುವಳಿ ಸಣ್ಣದು. ಬಾದಷಹನ ಮನೆಖರ್ಚಿಗೆ ತಿಂಗಳಿಗೆ 65 ಸಾವಿರ ಕೊಡಬೇಕು, ಸೈನ್ಯಕ್ಕೆ ಸಂಬಳ ಕೊಡಬೇಕು. ಹಣ ಬರಬೇಕಾದದ್ದು ದೆಹಲಿಯ ಸುತ್ತಲಿನ ಖಾಲ್ಸಾ ಜಮೀನುಗಳಿಂದ. (ಸರ್ಕಾರಿ ಜಮೀನಿಗೂ ಖಾಲ್ಸಾ ಎಂದೇ ಹೆಸರು, ಸಿಖ್ಖರ ಪಂಥಕ್ಕೂ ಖಾಲ್ಸಾ ಎಂದೇ ಹೆಸರು, ಕಾಗದಪತ್ರ ಓದುವವರು ಇಲ್ಲಿ ಎಡವುತ್ತಾರೆ.) ಅದೇ ಹಳ್ಳಿಗಳಲ್ಲಿ ಸಿಖ್ಖರು ವರ್ಷಗಳಿಂದ ರಾಖಿ ಎತ್ತುತ್ತಿದ್ದರು.

ಸಾಲದ್ದಕ್ಕೆ ಅದು ಬರಗಾಲದ ಬೆನ್ನಿನ ಕಾಲ. 1783-84ರಲ್ಲಿ ಉತ್ತರ ಭಾರತವನ್ನೆಲ್ಲ ಆವರಿಸಿದ ಕ್ಷಾಮಕ್ಕೆ 'ಚಾಲೀಸಾ' ಎಂಬ ಹೆಸರು ಉಳಿದಿದೆ; ವಿಕ್ರಮ ಸಂವತ್ಸರ 1840ರಲ್ಲಿ ಬಂದದ್ದಕ್ಕೆ 'ನಲವತ್ತರ ಬರ'. ಊರಿಗೆ ಊರೇ ಹಾಳುಬಿದ್ದಿದ್ದವು. ನಮ್ಮ ಹಿರಿಯರು ಡೋಗಿ ಬರ ಎಂದಾಗ ಅವರ ದನಿಯಲ್ಲಿ ಏನಿರುತ್ತದೋ, ಅಲ್ಲಿನವರಿಗೆ ಚಾಲೀಸಾ ಎಂದರೂ ಅದೇ. ರೈತನೇ ಇಲ್ಲದ ಹೊಲದಲ್ಲಿ ಇಬ್ಬರು ಪಾಲು ಕೇಳುತ್ತಿದ್ದರು.

ಮಹಾದಜಿ ಜಾಣ. ಯುದ್ಧಕ್ಕಿಂತ ಒಪ್ಪಂದ ಅಗ್ಗ ಎಂದು ಬಲ್ಲವನು. ತನ್ನ ಸರದಾರ ಅಂಬಾಜಿ ಇಂಗ್ಳೆಯನ್ನು ಮುಂದಿಟ್ಟು 1785ರ ಮೇ ತಿಂಗಳಲ್ಲಿ ಸಿಖ್ಖ್ ಸರದಾರರೊಡನೆ ಕರಾರು ಮಾಡಿಕೊಂಡ. ಸಿಖ್ಖರು ಸರ್ಕಾರಿ ಜಮೀನುಗಳಲ್ಲಿ ರಾಖಿ ಎತ್ತುವುದನ್ನು ಬಿಡಬೇಕು, ಮಹಾದಜಿಗೆ ಸವಾರರನ್ನು ಒದಗಿಸಬೇಕು. ಮಹಾದಜಿ ಅವರಿಗೆ ಜಹಗೀರು ಕೊಡಬೇಕು. ಇಬ್ಬರೂ ಒಂದಾದರೆ ಅವಧದ ಗತಿಯೇನು, ತಮ್ಮ ಗತಿಯೇನು ಎಂದು ಕಲ್ಕತ್ತದ ಇಂಗ್ಲಿಷರು ಹೌಹಾರಿದರು. ಆದರೆ ಹೆದರಬೇಕಾದ್ದೇನೂ ಇರಲಿಲ್ಲ. ಕರಾರಿನ ಶಾಯಿ ಒಣಗುವ ಮೊದಲೇ ಸಿಖ್ಖರ ದಳಗಳು ಮತ್ತೆ ಯಮುನೆ ದಾಟಿದ್ದವು. ಒಬ್ಬ ಸರದಾರನ ಸಹಿ ಇನ್ನೊಬ್ಬ ಸರದಾರನನ್ನು ಕಟ್ಟಿಹಾಕುವುದಿಲ್ಲ. ಮಹಾದಜಿಯ ಬಳಿ ಕೊಡಲು ಜಹಗೀರೂ ಇರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ರಥದಿಂದಿಳಿದ ಸಾಹಿಬ್ ಕೌರ್

ಮುಂದಿನ ಹತ್ತು ವರ್ಷಗಳ ಕಥೆಯನ್ನು ಪಟಿಯಾಲದ ಕಡೆಯಿಂದ ನೋಡಬೇಕು. ಸಟ್ಲೆಜ್‌ನ ಈಚೆಗಿದ್ದ ಪಟಿಯಾಲ, ಜೀಂದ್, ಕೈಥಲ್‌ಗಳ ಸಿಖ್ಖ್ ರಾಜರಿಗೆ ಮರಾಠರ ದಂಡು ವರ್ಷವರ್ಷವೂ ಬರುವ ಪೀಡೆಯಾಗಿತ್ತು. 1790ರಲ್ಲಿ ಪಟಿಯಾಲದ ಮೇಲೆ ದಂಡು ಬಂದಾಗ ರಾಜಮನೆತನದ ರಾಜಿಂದರ್ ಕೌರ್ ನೇರವಾಗಿ ಮಥುರೆಗೇ ಹೋಗಿ ಮಹಾದಜಿಯೊಡನೆ ಮಾತುಕತೆ ನಡೆಸಿದಳು. ಮರುವರ್ಷ ಆಕೆ ತೀರಿಕೊಂಡಳು.

ನಂತರ ಬಂದವಳು ಸಾಹಿಬ್ ಕೌರ್. ಪಟಿಯಾಲದ ರಾಜ ಸಾಹಿಬ್ ಸಿಂಗನ ಸೋದರಿ. ಮದುವೆಯಾಗಿ ಕನ್ಹಯ್ಯಾ ಮಿಸಲ್‌ನ ಮನೆ ಸೇರಿದ್ದವಳನ್ನು ಸೋದರ ತವರಿಗೆ ಕರೆಸಿ 1793ರಲ್ಲಿ ಮುಖ್ಯಮಂತ್ರಿಯ ಸ್ಥಾನದಲ್ಲಿ ಕೂರಿಸಿದ. ಆಕೆಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. 1794ರಲ್ಲಿ ಅಂತಾರಾವ್, ಲಛಮನ್‌ರಾವ್ ಎಂಬ ಮರಾಠಾ ಸರದಾರರು ಯಮುನೆ ದಾಟಿ ಪಟಿಯಾಲದತ್ತ ಬಂದರು. ಕಪ್ಪ ಕೊಟ್ಟು ಕಳುಹಿಸುವುದು ರೂಢಿ. ಸಾಹಿಬ್ ಕೌರ್ ನೆರೆಯ ಸರದಾರರನ್ನು ಕೂಡಿಸಿ, ಏಳು ಸಾವಿರದಷ್ಟು ಜನರೊಡನೆ ಅಂಬಾಲಾ ಬಳಿಯ ಮರ್ದಾನಪುರದಲ್ಲಿ ಅವರನ್ನು ಎದುರಿಸಿದಳು.

ಮರಾಠರ ಸಂಖ್ಯೆ ಹೆಚ್ಚು. ಸಿಖ್ಖರು ಹಿಂಜರಿದರು, ಕಾಲ್ತೆಗೆಯುವ ಸೂಚನೆ ಕಂಡಿತು. ಆಗ ಸಾಹಿಬ್ ಕೌರ್ ರಥದಿಂದ ಕೆಳಗಿಳಿದು, ಕತ್ತಿ ಹಿರಿದು, ತಾನಂತೂ ಇಲ್ಲಿಂದ ಕದಲುವುದಿಲ್ಲವೆಂದು ಸಾರಿದಳಂತೆ. ಮನೆಯ ಹೆಣ್ಣುಮಗಳನ್ನು ರಣರಂಗದಲ್ಲಿ ಬಿಟ್ಟು ಯಾವ ಮುಖ ಹೊತ್ತು ಊರಿಗೆ ಹೋಗುವುದು? ಸೈನ್ಯ ನಿಂತಿತು. ರಾತ್ರಿಯ ಹೊತ್ತು ಮರಾಠರ ಬೀಡಿನ ಮೇಲೆ ದಾಳಿ ನಡೆಯಿತು. ಗೊಂದಲಕ್ಕೊಳಗಾದ ಮರಾಠರು ಕರ್ನಾಲ್ ಕಡೆಗೆ ಹಿಂದೆ ಸರಿದರು. ಪಂಜಾಬಿನ ರಾಜಮನೆತನಗಳ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ಲೆಪೆಲ್ ಗ್ರಿಫಿನ್ ಈ ಪ್ರಸಂಗವನ್ನು ಮೆಚ್ಚುಗೆಯಿಂದ ವಿವರಿಸಿದ್ದಾನೆ. ಕಿತ್ತೂರಿನ ಚೆನ್ನಮ್ಮನನ್ನು ಬಲ್ಲ ನಮಗೆ ಆಕೆಯ ಹೆಸರು ಅಪರಿಚಿತವಾಗಿಯೇ ಉಳಿದಿರುವುದು ವಿಷಾದದ ಸಂಗತಿ. ಮುಂದೆ ಸೋದರನ ಕಿವಿ ಚುಚ್ಚಿದವರಿಂದ ಮನಸ್ತಾಪವಾಗಿ, ಆತನಿಂದಲೇ ತೊಂದರೆಗೊಳಗಾಗಿ ಆಕೆ ಚಿಕ್ಕ ವಯಸ್ಸಿನಲ್ಲೇ ಕಣ್ಮುಚ್ಚಿದಳು.

ಗೆಲುವು ದೊಡ್ಡದೇ. ಆದರೆ ಅದರಿಂದ ದಾಳಿ ನಿಲ್ಲಲಿಲ್ಲ. 1795ರಲ್ಲಿ ಮರಾಠರು ಕರ್ನಾಲನ್ನು ಜೀಂದ್‌ನ ರಾಜ ಭಾಗ್ ಸಿಂಗನಿಂದ ಕಿತ್ತುಕೊಂಡು ತಮ್ಮ ಚಾಕರಿಯಲ್ಲಿದ್ದ ಜಾರ್ಜ್ ಥಾಮಸ್ ಎಂಬ ಐರಿಷ್ ಸಾಹಸಿಗೆ ಕೊಟ್ಟರು. ಹಡಗಿನಿಂದ ಇಳಿದು ಬಂದ ಈ ನಾವಿಕ ಕೆಲವೇ ವರ್ಷಗಳಲ್ಲಿ ಹಾನ್ಸಿಯಲ್ಲಿ ತನ್ನದೇ ರಾಜ್ಯ ಕಟ್ಟಿಕೊಂಡು ಮರಾಠರಿಗೂ ಸಿಖ್ಖರಿಗೂ ತಲೆನೋವಾದ. ಆಗ ಸಿಖ್ಖ್ ರಾಜರು ಮೊರೆಹೋದದ್ದು ಯಾರನ್ನು? ಶಿಂಧೆಯ ಫ್ರೆಂಚ್ ಸೇನಾನಿ ಪೆರಾನನನ್ನು. 1801ರ ಕೊನೆಗೆ ಮರಾಠರ ಸೈನ್ಯ ಸಿಖ್ಖರ ನೆರವಿನೊಡನೆ ಥಾಮಸನನ್ನು ಮಣಿಸಿತು.

ಬಿಯಾಸ್ ದಡದಲ್ಲಿ

ಇಷ್ಟು ಹೊತ್ತಿಗೆ ಆಟ ಇಬ್ಬರ ಕೈಯನ್ನೂ ಮೀರಿತ್ತು. 1803ರ ಸೆಪ್ಟೆಂಬರ್ 11ರಂದು ದೆಹಲಿಯ ಹೊರಗೆ ಲಾರ್ಡ್ ಲೇಕ್‌ನ ಇಂಗ್ಲಿಷ್ ಸೈನ್ಯ ಶಿಂಧೆಯ ಸೈನ್ಯವನ್ನು ಸೋಲಿಸಿದಾಗ ಮರಾಠರ ಪಕ್ಕದಲ್ಲಿ ಸಿಖ್ಖ್ ಸವಾರರ ತಂಡವೂ ಇತ್ತು. ಇಬ್ಬರೂ ಒಂದೇ ಕಡೆ ನಿಂತು ಇಂಗ್ಲಿಷರನ್ನು ಎದುರಿಸಿದ್ದು ತೀರಾ ತಡವಾಗಿ. ಸೋತ ಮೇಲೆ ಸರದಾರರು ಒಬ್ಬೊಬ್ಬರಾಗಿ ಲೇಕ್‌ನ ಕಡೆಗೆ ಸರಿದರು. ಮೊದಲು ಹೋದವರಲ್ಲಿ ಜೀಂದ್‌ನ ಭಾಗ್ ಸಿಂಗನೂ ಒಬ್ಬ; ಮರಾಠರಿಗೆ ಕರ್ನಾಲನ್ನು ಕಳೆದುಕೊಂಡಿದ್ದವನು ಆತನೇ.

1805ರ ಕೊನೆಯಲ್ಲಿ ಯಶವಂತರಾವ್ ಹೋಳ್ಕರ್, ಬೆನ್ನಟ್ಟಿ ಬರುತ್ತಿದ್ದ ಲೇಕ್‌ನಿಂದ ತಪ್ಪಿಸಿಕೊಳ್ಳುತ್ತ ಅಮೃತಸರಕ್ಕೆ ಬಂದ. 1758ರಲ್ಲಿ ಅದೇ ದಾರಿಯಲ್ಲಿ ರಘುನಾಥರಾಯ ವಿಜಯಿಯಾಗಿ ಬಂದಿದ್ದ. ಈಗ ಬಂದವನು ಆಶ್ರಯ ಬೇಡುವವನು. ಹೋಳ್ಕರನಿಗೆ 29 ವರ್ಷ, ಆತ ನೆರವು ಕೇಳಿದ ರಣಜಿತ್ ಸಿಂಗನಿಗೆ 25. ಸಿಖ್ಖ್ ಸರದಾರರ ಸಭೆ ಸೇರಿತು. ಬಂದ ಅತಿಥಿಯನ್ನು ಹೊರಗೆ ಕಳುಹಿಸುವುದು ಹೇಗೆ ಎಂಬುದು ಒಂದು ಪ್ರಶ್ನೆ. ಆತನಿಗಾಗಿ ಪಂಜಾಬಿನ ನೆಲವನ್ನು ಇನ್ನೊಬ್ಬರ ರಣರಂಗ ಮಾಡುವುದು ಸರಿಯೇ ಎಂಬುದು ಇನ್ನೊಂದು. ಅತ್ತ ಬಿಯಾಸ್ ನದಿಯ ದಡದಲ್ಲಿ ಬೀಡುಬಿಟ್ಟಿದ್ದ ಲೇಕ್‌ನ ಪರವಾಗಿ ರಣಜಿತನ ಮನವೊಲಿಸಲು ನಿಂತವನು ಆತನ ಸೋದರಮಾವ. ಆ ಸೋದರಮಾವ ಬೇರಾರೂ ಅಲ್ಲ, ಜೀಂದ್‌ನ ಅದೇ ಭಾಗ್ ಸಿಂಗ್.

ಡಿಸೆಂಬರ್ 24ರಂದು ಹೋಳ್ಕರ್ ಇಂಗ್ಲಿಷರೊಡನೆ ರಾಜಪುರಘಾಟ್ ಒಪ್ಪಂದ ಮಾಡಿಕೊಂಡ. ಒಂದು ವಾರದ ನಂತರ, 1806ರ ಜನವರಿ 1ರಂದು, ರಣಜಿತ್ ಸಿಂಗ್ ಮತ್ತು ಫತೇ ಸಿಂಗ್ ಆಹ್ಲುವಾಲಿಯಾ ಇಂಗ್ಲಿಷರೊಡನೆ ಪ್ರತ್ಯೇಕ ಒಪ್ಪಂದಕ್ಕೆ ಮುದ್ರೆಯೊತ್ತಿದರು. ಅದರ ಮೊದಲ ಷರತ್ತು: ಹೋಳ್ಕರನ ಸೈನ್ಯವನ್ನು ಕೂಡಲೇ ಅಮೃತಸರದಿಂದ 30 ಕೋಸು ದೂರಕ್ಕೆ ಕಳುಹಿಸುವುದು.